ಮೂರು ವರ್ಷದ ಅನುಭವ ಅಂದ್ರೆ ಯಾವ ಮೂರು ವರ್ಷ? ಆಹಾರ ವಿಶ್ಲೇಷಕಿ ಹುದ್ದೆಯ ಒಂದು ಅರ್ಜಿ

ಸಿಂಧನೂರು ಕಡೆಯ ಯುವತಿ. ಓದಿದ್ದು ಎಂ.ಎಸ್ಸಿ. ಬಯೋಕೆಮಿಸ್ಟ್ರಿ. ಬೆಂಗಳೂರಿನ ಎರಡು ಖಾಸಗಿ ಲ್ಯಾಬುಗಳಲ್ಲಿ ಒಟ್ಟು 3 ವರ್ಷ 11 ತಿಂಗಳ ಕೆಲಸ. ಸರ್ಕಾರಿ ಆಹಾರ ಪ್ರಯೋಗಾಲಯದಲ್ಲಿ ಫುಡ್ ಅನಲಿಸ್ಟ್, ಅಂದರೆ ಆಹಾರ ವಿಶ್ಲೇಷಕಿ ಆಗಬೇಕು ಅಂತ ಆಸೆ. ‘ಅರ್ಜಿ ರೆಡಿ ಇದೆ ಸರ್, ಸುಮ್ನೆ ಒಂದ್ಸಲ ಕಣ್ಣಾಡಿಸಿ ಸಾಕು’ ಅಂತ ಇಡೀ ಕಡತವನ್ನೇ ನನಗೆ ಕಳಿಸಿದ್ದರು. ಕಣ್ಣಾಡಿಸಿದರೆ ಮುಗಿಯುವ ಕಡತ ಅದಾಗಿರಲಿಲ್ಲ. ಓದು, ಅಂಕ, ಸಾಮರ್ಥ್ಯ ಯಾವುದರಲ್ಲೂ ಕೊರತೆ ಇರಲಿಲ್ಲ. ತೊಡಕೆಲ್ಲ ಇದ್ದದ್ದು ಕಾಗದಗಳಲ್ಲಿ.

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು ಬೇಡ, ‘ಅಭ್ಯರ್ಥಿ’ ಅನ್ನೋಣ.

ಈ ಅನಲಿಸ್ಟ್ ಏನು ಮಾಡುತ್ತಾರೆ

ಅನಲಿಸ್ಟ್ ಅಂದ ಕೂಡಲೇ ಈಗ ಎಲ್ಲರಿಗೂ ಲ್ಯಾಪ್‌ಟಾಪು, ಎಕ್ಸೆಲ್ ಶೀಟು ನೆನಪಾಗುತ್ತದೆ. ಇವರು ಬೇರೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಪ್ರಕಾರ ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಗೋ ಗಿರಣಿಗೋ ಹೋಗಿ ಮಾದರಿ ತೆಗೆಯುತ್ತಾರೆ. ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಮಾದರಿ ಕೈಸೇರಿದ 14 ದಿನದೊಳಗೆ ಅವರು ವರದಿ ಕೊಡಬೇಕು. ‘ಕಳಪೆ ಗುಣಮಟ್ಟ’ ಅಂತ ವರದಿ ಬಂದರೆ 5 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ‘ಅಸುರಕ್ಷಿತ’ ಅಂತ ಬಂದರೆ ಜೈಲಿನ ದಾರಿ. ವರದಿ ಒಪ್ಪದಿದ್ದರೆ ವ್ಯಾಪಾರಿ ಮೇಲ್ಮನವಿ ಹಾಕಬಹುದು. ಆಗ ಇನ್ನೊಂದು ಭಾಗ ರೆಫರಲ್ ಲ್ಯಾಬಿಗೆ, ಅಂದರೆ ಮರುಪರೀಕ್ಷೆಯ ಲ್ಯಾಬಿಗೆ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಅಂಥದ್ದೊಂದು ಲ್ಯಾಬು.

ಅಂದರೆ ಇದು ಸಹಿಯ ಕೆಲಸ. ಆ ಸಹಿ ಕೋರ್ಟಿಗೆ ಹೋಗುತ್ತದೆ. ಎದುರಿನ ವಕೀಲರು ಮೊದಲು ಕೆದಕುವುದು ಮೆಣಸಿನ ಪುಡಿಯನ್ನಲ್ಲ, ಸಹಿ ಹಾಕಿದವರ ಅರ್ಹತೆಯನ್ನು. 2015ರ ಮ್ಯಾಗಿ ಗಲಾಟೆ ನೆನಪಿದೆ ಅಲ್ವಾ? ಜೂನ್‌ನಲ್ಲಿ ನಿಷೇಧ ಬಂತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಕಾಯ್ದೆ ಕೇಳುವ ಮಾನ್ಯತೆ ಇರಲಿಲ್ಲ ಅನ್ನುವುದು ಅದರ ದೊಡ್ಡ ಕಾರಣಗಳಲ್ಲಿ ಒಂದು. ನೂಡಲ್ಸ್‌ನಲ್ಲಿ ಸೀಸ ಎಷ್ಟಿತ್ತು ಅನ್ನುವ ಪ್ರಶ್ನೆಗಿಂತ, ಅದನ್ನು ಹೇಳುವ ಅಧಿಕಾರ ಯಾರಿಗಿತ್ತು ಅನ್ನುವ ಪ್ರಶ್ನೆ ಮುಂದೆ ಬಂತು. ಅರ್ಜಿ ಪರಿಶೀಲಿಸುವವರು ಒಂದೊಂದು ದಿನಾಂಕವನ್ನೂ ಯಾಕೆ ಹಿಡಿದು ಎಳೆಯುತ್ತಾರೆ ಅನ್ನುವುದು ಇದನ್ನು ನೆನೆದರೆ ಅರ್ಥವಾಗುತ್ತದೆ. ಅದರಲ್ಲಿ ಒಂದಷ್ಟು ಸುಮ್ಮನೆ ಕಿರಿಕಿರಿ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲವೂ ಅಲ್ಲ.

ಪರೀಕ್ಷೆ ಬೇರೆ, ಕೆಲಸ ಬೇರೆ

ಅಭ್ಯರ್ಥಿಗೆ ಮೊದಲು ಬಿಡಿಸಿ ಹೇಳಬೇಕಾಗಿ ಬಂದದ್ದು ಇದನ್ನು. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಡೆಸುವ ಫುಡ್ ಅನಲಿಸ್ಟ್ ಪರೀಕ್ಷೆ ಪಾಸಾದರೆ ಕೆಲಸ ಸಿಕ್ಕಿತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಅರ್ಹತೆಯ ಪರೀಕ್ಷೆ, ಅಷ್ಟೇ. 2011ರ ನಿಯಮಗಳ ಪ್ರಕಾರ ಆಹಾರ ವಿಶ್ಲೇಷಕರಾಗಲು ನಿಗದಿತ ವಿಷಯದಲ್ಲಿ ಸ್ನಾತಕೋತ್ತರ ಪದವಿ ಅಥವಾ ನಿಯಮ ಹೆಸರಿಸಿದ ಬೇರೆ ಪದವಿ ಬೇಕು, ಆಹಾರ ವಿಶ್ಲೇಷಣೆಯಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು, ಪ್ರಾಧಿಕಾರ ನೇಮಿಸಿದ ಮಂಡಳಿ ಇವರು ಅರ್ಹರು ಅಂತ ಘೋಷಿಸಿರಬೇಕು. ಆ ಘೋಷಣೆಗೇ ಪರೀಕ್ಷೆ. ಕೆಲಸ ಸಿಗಬೇಕಾದರೆ ರಾಜ್ಯ ಸರ್ಕಾರದಲ್ಲಿ ಹುದ್ದೆ ಖಾಲಿ ಇರಬೇಕು, ಪ್ರಕಟಣೆ ಬರಬೇಕು, ಆಯ್ಕೆಯಾಗಬೇಕು. ಅದಾದ ಮೇಲೆ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಅಧಿಸೂಚನೆ ಹೊರಡಿಸಿ, ಇಂಥ ಪ್ರದೇಶಕ್ಕೆ ಇವರು ವಿಶ್ಲೇಷಕರು ಅಂತ ನೇಮಿಸುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ರಾಜ್ಯ ಪ್ರಯೋಗಾಲಯ ಬಿಟ್ಟರೆ ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿ ವಿಭಾಗೀಯ ಪ್ರಯೋಗಾಲಯಗಳಿವೆ. ಹುದ್ದೆಗಳು ಬೆರಳೆಣಿಕೆಯವು.

ಹಾಗಾಗಿ ಅವರ ಅರ್ಜಿ ಅಂದರೆ ನಿಜಕ್ಕೂ ಎರಡು ಅರ್ಜಿ. ಒಂದು ಈಗ, ಪರೀಕ್ಷೆಗೆ. ಇನ್ನೊಂದು ಮುಂದೆ, ಹುದ್ದೆಗೆ. ಮೊದಲನೆಯದರಲ್ಲಿ ತಪ್ಪಾದರೆ ಎರಡನೆಯದಕ್ಕೆ ದಾರಿಯೇ ಇಲ್ಲ.

ಫೀಡ್ ಲ್ಯಾಬಿನ ತಿಂಗಳುಗಳು

ಅನುಭವದ ಕಾಲಂನಲ್ಲಿ ಅಭ್ಯರ್ಥಿ 3 ವರ್ಷ 11 ತಿಂಗಳು ಅಂತ ಬರೆದಿದ್ದರು. ಲೆಕ್ಕ ಸರಿ. ಮೊದಲ ಲ್ಯಾಬಿನಲ್ಲಿ 14 ತಿಂಗಳು, ಎರಡನೆಯದರಲ್ಲಿ 2 ವರ್ಷ 9 ತಿಂಗಳು. ಎರಡನೆಯ ಲ್ಯಾಬು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದದ್ದು, ಆಹಾರ ಬಿಟ್ಟು ಬೇರೆ ಏನನ್ನೂ ಮುಟ್ಟದ್ದು. ಅಲ್ಲಿ ತಕರಾರಿಲ್ಲ. ಮೊದಲನೆಯದರ ಅನುಭವ ಪತ್ರ ನೋಡಿ ನಾನು ನಿಂತೆ. ‘ಅನಲಿಸ್ಟ್, ಫೀಡ್ ಅಂಡ್ ಅಗ್ರಿ ಪ್ರಾಡಕ್ಟ್ಸ್’ ಅಂತಿತ್ತು.

ಫೀಡ್ ಅಂದರೆ ಕೋಳಿಗೆ, ದನಕ್ಕೆ ಹಾಕುವುದು. ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಆಹಾರ ಅಂದರೆ ಏನು ಅನ್ನುವ ವ್ಯಾಖ್ಯಾನ ಇದೆ. ಬಾಟಲಿ ನೀರು ಅದರಲ್ಲಿ ಸೇರುತ್ತದೆ, ಮದ್ಯ ಸೇರುತ್ತದೆ, ಚ್ಯೂಯಿಂಗ್ ಗಮ್ ಕೂಡ ಸೇರುತ್ತದೆ. ಪಶುಗಳ ಮೇವು ಸೇರುವುದಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಔಷಧಿ, ಸೌಂದರ್ಯವರ್ಧಕ ಕೂಡ ಇಲ್ಲ. ಅಂದರೆ ಆ 14 ತಿಂಗಳು ತೆಗೆದುಹಾಕಿದರೆ ಉಳಿಯುವುದು 2 ವರ್ಷ 9 ತಿಂಗಳು. ಮೂರು ವರ್ಷಕ್ಕೆ ಮೂರು ತಿಂಗಳು ಕಡಿಮೆ.

ಅಭ್ಯರ್ಥಿಗೆ ಇದು ಅನ್ಯಾಯ ಅನಿಸಿತು. ‘ಅದೇ ಅಫ್ಲಾಟಾಕ್ಸಿನ್ ಸರ್, ಅದೇ ಎಚ್‌ಪಿಎಲ್‌ಸಿ ಮಷಿನ್. ಕೋಳಿ ತಿನ್ನೋ ಮೆಕ್ಕೆಜೋಳಕ್ಕೂ ನಾವು ತಿನ್ನೋ ಶೇಂಗಾಕ್ಕೂ ಟೆಸ್ಟ್‌ನಲ್ಲಿ ಏನ್ ವ್ಯತ್ಯಾಸ?’ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅವರ ಮಾತು ಸರಿ. ಬೂಷ್ಟಿನಿಂದ ಬರುವ ವಿಷ ಎರಡರಲ್ಲೂ ಒಂದೇ, ಎಚ್‌ಪಿಎಲ್‌ಸಿ ಯಂತ್ರ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನವೂ ಹೆಚ್ಚುಕಮ್ಮಿ ಒಂದೇ. ಆದರೆ ನಿಯಮ ಕೇಳುವುದು ಮಷಿನ್ ಅನುಭವವನ್ನಲ್ಲ, ಆಹಾರ ವಿಶ್ಲೇಷಣೆಯ ಅನುಭವವನ್ನು.

ಆಮೇಲೆ ನಿಧಾನವಾಗಿ ಕೂತು ಕೇಳಿದೆ. ಆ 14 ತಿಂಗಳೂ ಫೀಡೇ ಮಾಡಿದ್ರಾ? ಆಗ ವಿಷಯ ಹೊರಬಂತು. ಮೊದಲ 6 ತಿಂಗಳು ಫೀಡ್ ವಿಭಾಗ. ಆಮೇಲಿನ 8 ತಿಂಗಳು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ರಫ್ತುದಾರರು ಕಳಿಸುವ ಒಣಮೆಣಸಿನಕಾಯಿ ಮತ್ತು ಶೇಂಗಾ ಮಾದರಿಗಳ ಪರೀಕ್ಷೆ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ರಾತ್ರಿ ಒಂಬತ್ತರವರೆಗೂ ಕೂರುತ್ತಿದ್ದರಂತೆ. ಅನುಭವ ಪತ್ರದಲ್ಲಿ ಇದರ ಸುಳಿವೇ ಇರಲಿಲ್ಲ. ಅದರಲ್ಲಿ ಇದ್ದದ್ದು ಇಷ್ಟು: ಇವರು ನಮ್ಮಲ್ಲಿ ಕೆಲಸ ಮಾಡಿರುತ್ತಾರೆ, ನಡತೆ ಉತ್ತಮವಾಗಿರುತ್ತದೆ, ಮುಂದಿನ ಭವಿಷ್ಯಕ್ಕೆ ಶುಭ ಹಾರೈಸುತ್ತೇವೆ. ನಮ್ಮ ಕಂಪನಿಗಳು ಕೊಡುವ ಅನುಭವ ಪತ್ರಗಳಲ್ಲಿ ಶುಭ ಹಾರೈಕೆ ತಪ್ಪುವುದಿಲ್ಲ, ಮಾಡಿದ ಕೆಲಸದ ವಿವರ ಮಾತ್ರ ಇರುವುದಿಲ್ಲ.

ಹೊಸ ಪತ್ರ ಕೇಳಲು ಅಭ್ಯರ್ಥಿ ಹಳೆಯ ಲ್ಯಾಬಿನ ಎಚ್‌ಆರ್‌ಗೆ ಫೋನ್ ಮಾಡಿದರು. ಅಲ್ಲಿಂದ ಬಂದ ಉತ್ತರ: ‘ಅಷ್ಟೇ ತಾನೇ? ಪೂರ್ತಿ 14 ತಿಂಗಳು ಫುಡ್ ಅಂತ ಹಾಕಿ ಕೊಡ್ತೀನಿ ಬಿಡಿ ಮೇಡಂ, ಯಾರು ನೋಡ್ತಾರೆ?’

ಇದು ಪ್ರಕರಣದ ಸೂಕ್ಷ್ಮ ಜಾಗ. ಆ ಪತ್ರ ತೆಗೆದುಕೊಂಡಿದ್ದರೆ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಬೇಡ ಅಂದೆ. ನೀತಿಯ ಮಾತು ಬದಿಗಿಡಿ. ಲ್ಯಾಬು ಏನನ್ನು ಪರೀಕ್ಷಿಸುತ್ತದೆ ಅನ್ನುವ ಮಾನ್ಯತೆಯ ಪಟ್ಟಿ ಎನ್‌ಎಬಿಎಲ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಕಚ್ಚಾ ದಾಖಲೆ ಪುಸ್ತಕದಲ್ಲಿ ಯಾವ ದಿನ ಯಾವ ಮಾದರಿಗೆ ಯಾರು ಸಹಿ ಹಾಕಿದ್ದಾರೆ ಅನ್ನುವುದು ಉಳಿದಿರುತ್ತದೆ. ಹತ್ತು ವರ್ಷ ಆದಮೇಲೆ ಯಾರೋ ಎಣ್ಣೆ ವ್ಯಾಪಾರಿಯ ವಕೀಲರು ಆ ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರೆ ಆ ಒಂದು ಕೇಸಷ್ಟೇ ಅಲ್ಲ, ಇವರು ಸಹಿ ಹಾಕಿದ ಎಲ್ಲ ವರದಿಗಳ ಮೇಲೂ ಅನುಮಾನ ಬರುತ್ತದೆ.

ಕೊನೆಗೆ ಬಂದ ಪತ್ರದಲ್ಲಿ ಎರಡು ಅವಧಿ ಬೇರೆ ಬೇರೆ ಇತ್ತು. ಇಂಥ ದಿನದಿಂದ ಇಂಥ ದಿನದವರೆಗೆ ಫೀಡ್ ವಿಭಾಗ. ಇಂಥ ದಿನದಿಂದ ಇಂಥ ದಿನದವರೆಗೆ ಸಾಂಬಾರ ಪದಾರ್ಥ ಮತ್ತು ಎಣ್ಣೆಕಾಳು ವಿಭಾಗ. ಪರೀಕ್ಷಿಸಿದ ಮಾದರಿ: ಒಣಮೆಣಸಿನಕಾಯಿ, ಶೇಂಗಾ. ಪರೀಕ್ಷೆಗಳು: ತೇವಾಂಶ, ಒಟ್ಟು ಬೂದಿ, ಅಫ್ಲಾಟಾಕ್ಸಿನ್. ಉಪಕರಣ: ಎಚ್‌ಪಿಎಲ್‌ಸಿ. ಪೂರ್ಣಾವಧಿ, ಸಂಬಳ ಸಹಿತ. ಜೊತೆಗೆ ಸಂಬಳದ ಚೀಟಿಗಳು ಮತ್ತು ಪಿಎಫ್ ಪಾಸ್‌ಬುಕ್. ತಿಂಗಳು ತಿಂಗಳೂ ಪಿಎಫ್ ಕಟ್ಟಿದ್ದು ಅದರಲ್ಲಿ ಕಾಣುವುದರಿಂದ, ಅನುಭವ ಪತ್ರಕ್ಕೆ ಅದಕ್ಕಿಂತ ಗಟ್ಟಿ ಆಸರೆ ಇನ್ನೊಂದಿಲ್ಲ. 2 ವರ್ಷ 9 ತಿಂಗಳಿಗೆ 8 ತಿಂಗಳು ಸೇರಿ 3 ವರ್ಷ 5 ತಿಂಗಳು ಆಯಿತು. ಅರ್ಜಿಯಲ್ಲಿ ಅಷ್ಟನ್ನೇ ಬರೆದರು. ಫೀಡ್ ವಿಭಾಗದ 6 ತಿಂಗಳನ್ನು ಮುಚ್ಚಿಡಲಿಲ್ಲ, ಲೆಕ್ಕಕ್ಕೂ ತೆಗೆದುಕೊಳ್ಳಲಿಲ್ಲ. ಅರ್ಜಿ ಅಂಗೀಕಾರವಾಯಿತು.

ಒಂದೇ ಮಷಿನ್ ಮುಂದೆ ಕೂತವರ ಕಷ್ಟ

ಲಿಖಿತ ಪರೀಕ್ಷೆ ಅವರಿಗೆ ಕಷ್ಟವಾಗಲಿಲ್ಲ. ಹೆದರಿಸಿದ್ದು ಪ್ರಾಯೋಗಿಕ. ದೊಡ್ಡ ಖಾಸಗಿ ಲ್ಯಾಬುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಟೇಬಲ್. ಎಚ್‌ಪಿಎಲ್‌ಸಿ ನೋಡುವವರು ಅದನ್ನೇ ನೋಡುತ್ತಾರೆ. ಇವರು ಮೂರೂವರೆ ವರ್ಷ ಆಹಾರ ಪರೀಕ್ಷೆ ಮಾಡಿದ್ದರೂ ಹಾಲಿನ ಕೊಬ್ಬು ಅಳೆಯುವ ಬ್ಯುಟಿರೋಮೀಟರ್ ಕೊಳವೆಯನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಆದರೆ ಸರ್ಕಾರಿ ವಿಶ್ಲೇಷಕರ ಮುಂದೆ ಬೆಳಿಗ್ಗೆ ಹಾಲು, ಮಧ್ಯಾಹ್ನ ಅರಿಶಿನ ಪುಡಿ, ಸಂಜೆ ತುಪ್ಪ ಬರಬಹುದು.

ಪರಿಚಯದ ಒಂದು ಡೇರಿ ಲ್ಯಾಬಿನಲ್ಲಿ ಕೆಲವು ದಿನ ಕೂತು ಕಲಿತರು. ಗರ್ಬರ್ ವಿಧಾನ ಹೇಳಲು ಸುಲಭ. ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲುಗಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, 65 ಡಿಗ್ರಿ ನೀರಿನಲ್ಲಿಟ್ಟು ಓದುವುದು. ಹಾಲನ್ನು ಕೊಳವೆಯ ಗೋಡೆಗೆ ಅಂಟಿಸಿ ನಿಧಾನವಾಗಿ ಬಿಡಬೇಕು. ಇವರು ಮೊದಲ ಸಲ ಬೇಗ ಬಿಟ್ಟರು. ಹಾಲು ಆಮ್ಲಕ್ಕೆ ಧುಮುಕಿ ಸುಟ್ಟು, ಕೊಬ್ಬಿನ ಪಟ್ಟಿಯಲ್ಲಿ ಕಪ್ಪು ಚುಕ್ಕೆಗಳು ಬಂದವು. ಓದಲಿಕ್ಕೇ ಆಗಲಿಲ್ಲ. ಅಲ್ಲಿನ ಹಳೆಯ ಲ್ಯಾಬ್ ಸಹಾಯಕರು ನಗುತ್ತಾ, ‘ಕಂಪ್ಯೂಟರ್ ಬಟನ್ ಅಲ್ಲಮ್ಮ ಇದು, ತಾಳ್ಮೆ ಬೇಕು’ ಅಂದರಂತೆ. ಪಟ್ಟಿ ಹೊನ್ನಿನ ಬಣ್ಣಕ್ಕೆ ಬರುವವರೆಗೆ ಅವರೇ ಪಕ್ಕದಲ್ಲಿ ನಿಂತು ಮಾಡಿಸಿದರು.

ಅರಿಶಿನದಲ್ಲಿ ಮೆಟಾನಿಲ್ ಯೆಲ್ಲೋ ಅನ್ನುವ ಕಲಬೆರಕೆ ಬಣ್ಣ ಇದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದಾಗ ಕಡು ಗುಲಾಬಿ ಬಣ್ಣ ಬರುವುದು, ತುಪ್ಪದಲ್ಲಿ ವನಸ್ಪತಿ ಬೆರೆತಿದ್ದರೆ ಬೌಡೋಯಿನ್ ಪರೀಕ್ಷೆಯಲ್ಲಿ ಕೆಂಪು ಬರುವುದು, ಇವನ್ನೆಲ್ಲ ಅಲ್ಲೇ ಕೈಯಾರೆ ಮಾಡಿದರು. ಬೌಡೋಯಿನ್ ಪರೀಕ್ಷೆಯ ಹಿಂದಿನ ಜಾಣತನ ನನಗೆ ಯಾವಾಗಲೂ ಇಷ್ಟ. ಆ ಪರೀಕ್ಷೆ ಹಿಡಿಯುವುದು ಎಳ್ಳೆಣ್ಣೆಯನ್ನು. ವನಸ್ಪತಿ ತಯಾರಿಸುವವರು ಅದರಲ್ಲಿ ಎಳ್ಳೆಣ್ಣೆ ಸೇರಿಸಲೇಬೇಕು ಅಂತ ಕಾನೂನು ಮಾಡಿದ್ದರಿಂದಲೇ ತುಪ್ಪದ ಕಲಬೆರಕೆ ಸಿಕ್ಕಿಬೀಳುವಂತಾಯಿತು.

ಇವರು ಪಾಸಾದರು. ಮುಂದೆ ರಾಜ್ಯದ ನೇಮಕಾತಿ ಪ್ರಕಟಣೆ ಬಂದಾಗ ಎರಡನೆಯ ಅರ್ಜಿ.

ಸಿಂಧನೂರಿನವರು, ಆಧಾರ್ ಬೆಂಗಳೂರಿನದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಗೊತ್ತಿದ್ದವರಿಗೆ ಹೊಸದೇನಲ್ಲ. ಸಂವಿಧಾನದ 371ಜೆ ವಿಧಿಯ ಕೆಳಗೆ 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಎ, ಬಿಗೆ ಶೇ. 75, ಸಿಗೆ ಶೇ. 80, ಡಿಗೆ ಶೇ. 85 ಮೀಸಲಾತಿ ಇದೆ. ಬೆಂಗಳೂರಿಗೆ ಬಂದು ಆಧಾರ್ ವಿಳಾಸ ಬದಲಾಗಿದೆ, ಇನ್ನು ತನಗೆ ಅದು ಸಿಗಲ್ಲ ಅಂತ ಅಭ್ಯರ್ಥಿ ಆ ಕಾಲಂ ಖಾಲಿ ಬಿಟ್ಟಿದ್ದರು. ಅಲ್ಲಿ ಹುಟ್ಟಿದವರಿಗೆ ಹಕ್ಕಿದೆ, ಈಗ ಎಲ್ಲಿದ್ದಾರೆ ಅನ್ನುವುದು ಮುಖ್ಯವಲ್ಲ. ಬೇಕಾದದ್ದು ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣ ಪತ್ರ. ಅದು ಅರ್ಜಿಯ ಕೊನೆ ದಿನಾಂಕಕ್ಕೆ ಮೊದಲೇ ಕೈಯಲ್ಲಿರಬೇಕು. ಆಮೇಲೆ ತರ್ತೀನಿ ಅನ್ನುವ ಮಾತು ದಾಖಲೆ ಪರಿಶೀಲನೆಯಲ್ಲಿ ನಡೆಯುವುದಿಲ್ಲ. ಅರ್ಜಿಯಲ್ಲಿ ಮೀಸಲಾತಿ ಕೇಳದಿದ್ದರೆ ಪತ್ರ ಇದ್ದೂ ಪ್ರಯೋಜನವಿಲ್ಲ. ಸಮಯ ಇತ್ತು, ಊರಿಗೆ ಹೋಗಿ ಮಾಡಿಸಿಕೊಂಡು ಬಂದರು.

ಅಣ್ಣನ ಅಕ್ಕಿ ಗಿರಣಿ

ನಾನು ಸ್ವಲ್ಪವೂ ನಿರೀಕ್ಷಿಸದ ಗಂಟು ಇದು. ಕೆಲಸದ ಪುರಾವೆಗೆ ಇರಲಿ ಅಂತ ಅಭ್ಯರ್ಥಿ ಆದಾಯ ತೆರಿಗೆ ರಿಟರ್ನ್‌ಗಳನ್ನೂ ಕಡತದಲ್ಲಿ ಇಟ್ಟಿದ್ದರು. ಸಂಬಳ ಬಿಟ್ಟರೆ ಬೇರೆ ಆದಾಯವಿಲ್ಲದ ಹುಡುಗಿ ಐಟಿಆರ್-1 ಸಲ್ಲಿಸಿರಬೇಕು. ಇಲ್ಲಿದ್ದದ್ದು ಐಟಿಆರ್-3. ಯಾವುದಾದರೂ ಪಾಲುದಾರಿಕೆ ಸಂಸ್ಥೆಯಲ್ಲಿ ಪಾಲುದಾರರಾದವರು ಸಲ್ಲಿಸುವುದು ಅದನ್ನು.

ಕೇಳಿದಾಗ ಗೊತ್ತಾಯಿತು. ಊರಲ್ಲಿ ಅಕ್ಕಿ ಗಿರಣಿ ಇದೆ. ಅಪ್ಪ ಮತ್ತು ಅಣ್ಣ ಪಾಲುದಾರರಾಗಿದ್ದರು. ಅಪ್ಪ ತೀರಿಕೊಂಡ ಮೇಲೆ ಸಂಸ್ಥೆ ಉಳಿಯಬೇಕಾದರೆ ಇನ್ನೊಬ್ಬರು ಬೇಕಿತ್ತು. ಆಗ ಪಾಲುದಾರಿಕೆ ಪತ್ರಕ್ಕೆ (ಡೀಡ್) ತಂಗಿಯ ಹೆಸರು ಸೇರಿಸಿದ್ದಾರೆ, ಶೇ. 20 ಪಾಲು. ಲೆಕ್ಕಪತ್ರ ಎಲ್ಲ ಅಣ್ಣನದೇ, ರಿಟರ್ನ್ ಹಾಕುವುದು ಅಣ್ಣನ ಆಡಿಟರ್. ಅಭ್ಯರ್ಥಿಗೆ ಅದು ತನ್ನ ವ್ಯವಹಾರ ಅಂತ ಯಾವತ್ತೂ ಅನಿಸಿರಲಿಲ್ಲ.

ಕಾಯ್ದೆಯ 45ನೇ ಸೆಕ್ಷನ್ ಹೀಗೆ ಹೇಳುತ್ತದೆ: ಆಹಾರ ಪದಾರ್ಥದ ತಯಾರಿಕೆ ಅಥವಾ ಮಾರಾಟದಲ್ಲಿ ಹಣಕಾಸಿನ ಹಿತಾಸಕ್ತಿ ಇರುವ ಯಾರನ್ನೂ ಆಹಾರ ವಿಶ್ಲೇಷಕರಾಗಿ ನೇಮಿಸುವಂತಿಲ್ಲ. ಸಣ್ಣ ಹಿತಾಸಕ್ತಿಗೆ ಪರವಾಗಿಲ್ಲ ಅನ್ನುವ ವಿನಾಯಿತಿ ಅಲ್ಲಿಲ್ಲ. ಪರೀಕ್ಷೆಗೆ ಓದುವವರೆಲ್ಲ ಈ ಸಾಲನ್ನು ಓದಿರುತ್ತಾರೆ, ಪ್ರಶ್ನೆಗೆ ಉತ್ತರವಾಗಿ. ತಮ್ಮ ಮನೆಗೆ ಅನ್ವಯಿಸಿ ಓದುವವರು ಕಡಿಮೆ.

ಅಣ್ಣನ ಜೊತೆ ಫೋನ್‌ನಲ್ಲಿ ನಡೆದ ಮಾತು ಅಭ್ಯರ್ಥಿಯ ಬಾಯಲ್ಲೇ ಕೇಳಿದ್ದು.

‘ಹೆಸರಿಗಷ್ಟ ಐತಲ್ಲ ತಂಗಿ, ನೀ ಒಂದು ರೂಪಾಯಿನೂ ಮುಟ್ಟಿಲ್ಲ.’

‘ಮುಟ್ಟಿಲ್ಲ ಅನ್ನೋದು ನಿನಗ ಗೊತ್ತು, ನನಗ ಗೊತ್ತು ಅಣ್ಣ. ಡೀಡ್‌ನ್ಯಾಗ ಇಪ್ಪತ್ತು ಪರ್ಸೆಂಟ್ ಅಂತ ಬರದೈತಿ.’

‘ಈಗ ನೀ ಬಿಟ್ರ ನಾ ಒಬ್ಬನ ಉಳೀತೀನಿ. ಫರ್ಮ್ ಹೆಂಗ ನಡೀತದ?’

‘ಅತ್ತಿಗಿ ಹೆಸರು ಹಾಕ್ಸು.’

‘ಅಕಿ ಒಪ್ಪಬೇಕಲ್ಲ!’

ಅಣ್ಣನ ಮಾತಿನಲ್ಲೂ ನ್ಯಾಯ ಇತ್ತು. ಇಬ್ಬರೇ ಪಾಲುದಾರರಿದ್ದಾಗ ಒಬ್ಬರು ಹೊರಬಿದ್ದರೆ ಪಾಲುದಾರಿಕೆಯೇ ಮುಗಿಯುತ್ತದೆ. ಬ್ಯಾಂಕಿನ ಸಾಲ, ಜಿಎಸ್‌ಟಿ ಎಲ್ಲ ಸಂಸ್ಥೆಯ ಹೆಸರಿನಲ್ಲಿ. ಹಾಗಾಗಿ ಮೊದಲು ಅತ್ತಿಗೆಯನ್ನು ಒಳಗೆ ತಂದು, ಆಮೇಲೆ ಇವರು ಹೊರಬಂದರು. ಹೊಸ ಡೀಡ್, ನಿವೃತ್ತಿ ಪತ್ರ, ಸಂಸ್ಥೆಗಳ ನೋಂದಣಾಧಿಕಾರಿಗೆ ನೋಟಿಸು, ರಾಜ್ಯಪತ್ರದಲ್ಲಿ ಮತ್ತು ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ, 15 ದಿನದೊಳಗೆ ಜಿಎಸ್‌ಟಿಯಲ್ಲಿ ತಿದ್ದುಪಡಿ. ಆಡಿಟರ್ ಇದೆಲ್ಲವನ್ನೂ ಮಾಡಿಸಿ ‘ಮುಗೀತು’ ಅಂದರು.

ಮುಗಿದಿರಲಿಲ್ಲ. ಗಿರಣಿಗೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇತ್ತು. ಅದರ ಅರ್ಜಿಯ ಜೊತೆ ಪಾಲುದಾರರ ಪಟ್ಟಿ ಇರುತ್ತದೆ. ಆಹಾರ ಲೈಸೆನ್ಸುಗಳ ಫೋಸ್ಕೋಸ್ ಪೋರ್ಟಲ್‌ನಲ್ಲಿ ನೋಡಿದರೆ ಇವರ ಹೆಸರು ಹಾಗೇ ಕೂತಿತ್ತು! ಯಾವ ಕಾಯ್ದೆಯಡಿ ವಿಶ್ಲೇಷಕಿಯಾಗಲು ಹೊರಟಿದ್ದರೋ ಅದೇ ಕಾಯ್ದೆಯ ಲೈಸೆನ್ಸಿನಲ್ಲಿ, ಅದೇ ಇಲಾಖೆಯವರು ದಿನಾ ತೆರೆಯುವ ಪೋರ್ಟಲ್‌ನಲ್ಲಿ. ಬೇರೆ ಯಾರೂ ಹುಡುಕದಿದ್ದರೂ ಅಲ್ಲಿ ಸಿಕ್ಕಿಬೀಳುವುದು ಖಂಡಿತ. ಲೈಸೆನ್ಸ್ ಮಾರ್ಪಾಡಿಗೆ ಅರ್ಜಿ ಹಾಕಿ, ಬದಲಾದ ಪ್ರತಿ ಬಂದ ಮೇಲೆಯೇ, ಹಣಕಾಸಿನ ಹಿತಾಸಕ್ತಿ ಇಲ್ಲ ಅನ್ನುವ ಘೋಷಣಾ ಪತ್ರಕ್ಕೆ ಸಹಿ ಹಾಕಿ ಅಂದೆ. ಹಾಗೇ ಮಾಡಿದರು. ದಾಖಲೆ ಪರಿಶೀಲನೆಯ ದಿನ ಹಳೆಯ ಡೀಡ್, ಹೊಸ ಡೀಡ್, ತಿದ್ದಿದ ಲೈಸೆನ್ಸ್ ಮೂರನ್ನೂ ಕೇಳುವ ಮೊದಲೇ ಮುಂದಿಟ್ಟರು. ಐಟಿಆರ್-3ನ್ನು ಕಡತದಿಂದ ತೆಗೆಯೋಣವೇ ಅಂತ ಹಿಂದಿನ ರಾತ್ರಿ ಕೇಳಿದ್ದರು. ಅದನ್ನು ತೆಗೆದರೆ ಈ ಮೂರನ್ನು ಯಾಕೆ ಇಟ್ಟಿದ್ದೀರಿ ಅಂತ ವಿವರಿಸಲು ಆಗುವುದಿಲ್ಲ, ಇರಲಿ ಬಿಡಿ ಅಂದೆ.

ಈಗ ಅವರು ಎರಡು ವರ್ಷದ ಪ್ರೊಬೇಷನ್‌ನಲ್ಲಿದ್ದಾರೆ. ಸಿಂಧನೂರಿನ ಮಾದರಿಗಳೂ ಬರುವ ಪ್ರಯೋಗಾಲಯವೇ ಸಿಕ್ಕಿದೆ, ಅಣ್ಣನ ಗಿರಣಿಯ ಅಕ್ಕಿಯೂ ಯಾವತ್ತಾದರೂ ಬರಬಹುದು. ಪಾಲು ಬಿಟ್ಟರೂ ಅಣ್ಣ ಅಣ್ಣನೇ ಅಲ್ವಾ? ಬೇರೆ ಬೇರೆ ಆಹಾರ ಪದಾರ್ಥಗಳಿಗೆ ಬೇರೆ ಬೇರೆ ವಿಶ್ಲೇಷಕರನ್ನು ನೇಮಿಸಲು 45ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ. ಅದನ್ನು ಉಲ್ಲೇಖಿಸಿ, ಆ ತಾಲ್ಲೂಕಿನ ಅಕ್ಕಿ ಮಾದರಿ ತನಗೆ ಬೇಡ ಅಂತ ಸೇರಿದ ವಾರವೇ ಮೇಲಧಿಕಾರಿಗೆ ಬರೆದುಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಬರೆದುಕೊಟ್ಟ ಪತ್ರಕ್ಕೆ ಸ್ವೀಕೃತಿ ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ ಅಂದೆ. ‘ಅವತ್ತೇ ಹಾಕಿಸಿಕೊಂಡೆ ಸರ್’ ಅಂದರು.